‘ಪಾರಾ ಯೋ’ ಅಲ್ಲ, ‘ಪಾರಾ ಮಿ’: ಸ್ಪ್ಯಾನಿಷ್‌ ಪ್ರಿಪೊಸಿಷನ್‌ ನಂತರ ಯಾವ ಸರ್ವನಾಮ ಹಾಕಬೇಕು?

‘ನನಗಾಗಿ’ ಅನ್ನೋಕೆ ಸ್ಪ್ಯಾನಿಷ್‌ನಲ್ಲಿ ‘ಪಾರಾ ಯೋ’ ಅನ್ನಬೇಕಾ, ‘ಪಾರಾ ಮೆ’ ಅನ್ನಬೇಕಾ, ‘ಪಾರಾ ಮಿ’ ಅನ್ನಬೇಕಾ? ಸ್ಪ್ಯಾನಿಷ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಸರಿಯಾದದ್ದು ‘ಪಾರಾ ಮಿ’. ಅಷ್ಟು ಹೇಳಿದರೆ ಮುಗಿಯುವುದಿಲ್ಲ. ಮರುದಿನವೇ ‘ಹಾಗಾದರೆ ಎಂತ್ರೆ ತು ಇ ಯೋ (ನಿನ್ನ ನನ್ನ ಮಧ್ಯೆ) ಅಂತ ಯಾಕೆ ಬರೆದಿದ್ದಾರೆ?’ ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ಹಾಗಾಗಿ ಇಡೀ ವಿಷಯವನ್ನು ಒಂದೇ ಕಡೆ, ಹಂತ ಹಂತವಾಗಿ ಬರೆದಿದ್ದೇನೆ.

ನಮ್ಮಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಕಲಿಯುವುದು ಇಂಗ್ಲಿಷ್ ಮೂಲಕ. ಈ ವಿಷಯದಲ್ಲಿ ಮಾತ್ರ ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದ ನೇರ ಹೋಗಿ ಅಂತ ನಾನು ಹೇಳುತ್ತೇನೆ. ಕನ್ನಡ ಇಲ್ಲಿ ಬಹಳ ಮಟ್ಟಿಗೆ ಸರಿಯಾದ ದಾರಿ ತೋರಿಸುತ್ತದೆ. ಕೆಲವು ಕಡೆ ಮಾತ್ರ ಕೈ ಕೊಡುತ್ತದೆ, ಅವು ಯಾವುವು ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಶುರು ಮಾಡುವ ಮೊದಲು

ಕರ್ತೃವಾಗಿ ಬರುವ ಸರ್ವನಾಮಗಳು ನಿಮಗೆ ಗೊತ್ತಿರಬೇಕು. ‘ಯೋ’ (ನಾನು), ‘ತು’ (ನೀನು), ‘ಎಲ್’ (ಅವನು), ‘ಎಯಾ’ (ಅವಳು), ‘ಉಸ್ತೆದ್’ (ಗೌರವದ ನೀವು), ‘ನೊಸೊತ್ರೊಸ್’ (ನಾವು), ‘ಬೊಸೊತ್ರೊಸ್’ (ಮುಖ್ಯವಾಗಿ ಸ್ಪೇನ್‌ನಲ್ಲಿ ಬಳಸುವ, ಸಲುಗೆಯ ‘ನೀವೆಲ್ಲ’), ‘ಎಯೋಸ್’ ಮತ್ತು ‘ಎಯಾಸ್’ (ಅವರು), ‘ಉಸ್ತೆದೆಸ್’ (ನೀವೆಲ್ಲ). ಹೆಂಗಸರೇ ಇರುವ ಗುಂಪಾದರೆ ‘ನೊಸೊತ್ರಾಸ್’, ‘ಬೊಸೊತ್ರಾಸ್’.

ಪ್ರಿಪೊಸಿಷನ್ ಅಂದರೆ ನಾಮಪದ ಅಥವಾ ಸರ್ವನಾಮದ ಮುಂದೆ ಬಂದು ಸಂಬಂಧ ಹೇಳುವ ಚಿಕ್ಕ ಪದ. ಕನ್ನಡದಲ್ಲಿ ಈ ಕೆಲಸವನ್ನು ವಿಭಕ್ತಿ ಪ್ರತ್ಯಯಗಳು, ‘ಜೊತೆ’, ‘ಬಗ್ಗೆ’, ‘ಮೇಲೆ’ ಥರದ ಪದಗಳು ಮಾಡುತ್ತವೆ. ನಮ್ಮಲ್ಲಿ ಅವು ಹಿಂದೆ ಬರುತ್ತವೆ, ಅವರಲ್ಲಿ ಮುಂದೆ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು: ‘ಆ’ (ಗೆ, ಅನ್ನು), ‘ದೆ’ (ಇಂದ, ಬಗ್ಗೆ), ‘ಎನ್’ (ಅಲ್ಲಿ), ‘ಪಾರಾ’ (ಗಾಗಿ), ‘ಪೋರ್’ (ಕಾರಣದಿಂದ, ಸಲುವಾಗಿ), ‘ಕೊನ್’ (ಜೊತೆ), ‘ಸಿನ್’ (ಇಲ್ಲದೆ), ‘ಸೊಬ್ರೆ’ (ಮೇಲೆ, ಕುರಿತು), ‘ಕೊಂತ್ರಾ’ (ವಿರುದ್ಧ), ‘ಆಸಿಯಾ’ (ಕಡೆಗೆ).

ಇಲ್ಲಿ ಸ್ಪ್ಯಾನಿಷ್ ಪದಗಳನ್ನೆಲ್ಲ ಲ್ಯಾಟಿನ್ ಅಮೆರಿಕದ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಅಕ್ಷರದ ಮೇಲೆ ಓರೆ ಗೀಟು ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದನ್ನು ಮೂರನೇ ಹಂತದಲ್ಲಿ ನೋಡೋಣ.

ಹಂತ 1: ಬದಲಾಗುವುದು ಎರಡೇ

ಕನ್ನಡದಲ್ಲಿ ‘ನಾನುಗೆ’ ಅನ್ನುವುದಿಲ್ಲ, ‘ನನಗೆ’ ಅನ್ನುತ್ತೇವೆ. ‘ನಾನು ಮೇಲೆ’ ಅಲ್ಲ, ‘ನನ್ನ ಮೇಲೆ’. ಪ್ರತ್ಯಯ ಸೇರುವಾಗ ‘ನಾನು’ ತನ್ನ ರೂಪ ಬದಲಿಸುತ್ತದೆ. ಸ್ಪ್ಯಾನಿಷ್‌ನಲ್ಲೂ ಹಾಗೆಯೇ, ಆದರೆ ಬದಲಾಗುವುದು ಎರಡೇ ಎರಡು:

‘ಯೋ’ ಹೋಗಿ ‘ಮಿ’ ಆಗುತ್ತದೆ.
‘ತು’ ಹೋಗಿ ‘ತಿ’ ಆಗುತ್ತದೆ.

ಉಳಿದವೆಲ್ಲ ಇದ್ದ ಹಾಗೇ ಇರುತ್ತವೆ. ‘ಪಾರಾ ಎಲ್’, ‘ದೆ ಎಯಾ’, ‘ಸಿನ್ ಉಸ್ತೆದ್’, ‘ಕೊಂತ್ರಾ ನೊಸೊತ್ರೊಸ್’, ‘ಸೊಬ್ರೆ ಎಯೋಸ್’. ನಮ್ಮಲ್ಲಾದರೆ ನಾವು-ನಮ್ಮ, ಅವನು-ಅವನ, ಅವರು-ಅವರ ಅಂತ ಎಲ್ಲವೂ ಬದಲಾಗುತ್ತವೆ. ಅದಕ್ಕೆ ಹೋಲಿಸಿದರೆ ಇದು ಸುಲಭವೇ.

‘ಎಸ್ತೊ ಎಸ್ ಪಾರಾ ತಿ’: ಇದು ನಿನಗಾಗಿ.
‘ಆಬ್ಲಾನ್ ದೆ ಮಿ’: ನನ್ನ ಬಗ್ಗೆ ಮಾತಾಡುತ್ತಿದ್ದಾರೆ.
‘ಪ್ಯೆನ್ಸೊ ಎನ್ ತಿ’: ನಿನ್ನನ್ನು ನೆನೆಯುತ್ತೇನೆ.
‘ದೆಪೆಂದೆ ದೆ ತಿ’: ಅದು ನಿನಗೆ ಬಿಟ್ಟದ್ದು.

ಎಚ್ಚರಿಕೆ: ‘ಪಾರಾ ಮೆ’, ‘ದೆ ತೆ’ ಅನ್ನುವ ತಪ್ಪು ಬಹಳ ಸಾಮಾನ್ಯ. ‘ಮೆ’, ‘ತೆ’, ‘ಲೊ’, ‘ಲಾ’, ‘ಲೆ’, ‘ನೊಸ್’ ಇವೆಲ್ಲ ಕ್ರಿಯಾಪದಕ್ಕೆ ಅಂಟಿಕೊಂಡೇ ಇರುವ ಸರ್ವನಾಮಗಳು. ಪ್ರಿಪೊಸಿಷನ್ ಪಕ್ಕದಲ್ಲಿ ಅವಕ್ಕೆ ಜಾಗವಿಲ್ಲ. ಇಂಗ್ಲಿಷ್‌ನಲ್ಲಿ ಎರಡೂ ಕಡೆಗೆ ಒಂದೇ ರೂಪ ಇರುವುದರಿಂದ ಈ ತಪ್ಪು ನುಸುಳುತ್ತದೆ. ‘ನನ್ನನ್ನು ನೋಡೋಕೆ’ ಅನ್ನಲು ‘ಪಾರಾ ಬೆರ್ಮೆ’ ಅನ್ನುತ್ತಾರಲ್ವಾ, ಅಲ್ಲಿ ‘ಪಾರಾ’ ಇದೆಯಲ್ಲ ಅಂತ ಕೇಳಬಹುದು. ಅಲ್ಲಿ ‘ಮೆ’ ಇರುವುದು ‘ಬೆರ್’ (ನೋಡು) ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು. ‘ಪಾರಾ’ ಪಕ್ಕ ಇರುವುದು ಕ್ರಿಯಾಪದ.

ಹಂತ 2: ‘ಕೊನ್’ ಬಂದರೆ ಬೇರೆ ಲೆಕ್ಕ

‘ನನ್ನ ಜೊತೆ’ ಅನ್ನಲು ‘ಕೊನ್ ಮಿ’ ಅನ್ನಬೇಕಿತ್ತು. ಹಾಗೆ ಅನ್ನುವುದಿಲ್ಲ. ‘ಕೊನ್ಮಿಗೊ’ ಅನ್ನುತ್ತಾರೆ, ಒಂದೇ ಪದ. ‘ನಿನ್ನ ಜೊತೆ’ಗೆ ‘ಕೊಂತಿಗೊ’.

ಈ ‘ಗೊ’ ಎಲ್ಲಿಂದ ಬಂತು? ಲ್ಯಾಟಿನ್‌ನಲ್ಲಿ ‘ಜೊತೆ’ ಅನ್ನುವ ‘ಕುಮ್’ ಪದ ಕೆಲವು ಸರ್ವನಾಮಗಳ ಹಿಂದೆ ಅಂಟುತ್ತಿತ್ತು, ನಮ್ಮ ಪ್ರತ್ಯಯದ ಹಾಗೆ. ‘ಮೇಕುಮ್’ ಅಂದರೆ ನನ್ನ ಜೊತೆ. ಅದು ಸವೆದು ‘ಮಿಗೊ’ ಆಯಿತು. ಅದರೊಳಗೆ ‘ಜೊತೆ’ ಇದೆ ಅನ್ನುವುದೇ ಜನಕ್ಕೆ ಮರೆತುಹೋಗಿ, ಮುಂದೆ ಇನ್ನೊಂದು ‘ಕೊನ್’ ಸೇರಿಸಿದರು. ಹಾಗಾಗಿ ‘ಕೊನ್ಮಿಗೊ’ ಒಳಗೆ ‘ಜೊತೆ’ ಎರಡು ಸಲ ಇದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ‘ನಮ್ಮ ಜೊತೆ’ಗೂ ‘ಕೊನ್ನೊಸ್ಕೊ’ ಅಂತ ಇತ್ತು, ಅದು ಬಳಕೆ ತಪ್ಪಿತು. ಈಗ ‘ಕೊನ್ ನೊಸೊತ್ರೊಸ್’, ‘ಕೊನ್ ಎಲ್’, ‘ಕೊನ್ ಎಯಾ’, ‘ಕೊನ್ ಉಸ್ತೆದೆಸ್’ ಅಂತ ಬಿಡಿಸಿಯೇ ಹೇಳಬೇಕು.

ಎಚ್ಚರಿಕೆ: ಕೆಲವು ಕ್ರಿಯಾಪದಗಳ ಜೊತೆ ‘ಕೊನ್’ ಬರುತ್ತದೆ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ. ಕನಸು ಕಾಣುವುದಕ್ಕೆ ‘ಸೊನ್ಯಾರ್ ಕೊನ್’. ಆದ್ದರಿಂದ ‘ನಿನ್ನ ಕನಸು ಕಂಡೆ’ ಅನ್ನಲು ‘ಸೊನ್ಯೆ ಕೊಂತಿಗೊ’. ನಮ್ಮ ‘ನಿನ್ನ’ ನೋಡಿ ‘ದೆ ತಿ’ ಹಾಕಿದರೆ ತಪ್ಪಾಗುತ್ತದೆ. ಮದುವೆಯಾಗುವುದೂ ಹಾಗೆಯೇ. ‘ನನ್ನನ್ನು ಮದುವೆಯಾಗು’ ಅನ್ನುವ ಮಾತಲ್ಲಿ ಬರುವುದು ‘ಕೊನ್ಮಿಗೊ’. ಹಾಗಾಗಿ ಕ್ರಿಯಾಪದ ಕಲಿಯುವಾಗಲೇ ಅದರ ಪ್ರಿಪೊಸಿಷನ್ ಕೂಡ ಸೇರಿಸಿ ಬಾಯಿಪಾಠ ಮಾಡಿ.

ಹಂತ 3: ಗೀಟು ಹಾಕುವುದು, ಬಿಡುವುದು

ಅಕ್ಷರದ ಮೇಲಿನ ಓರೆ ಗೀಟಿಗೆ ಸ್ಪ್ಯಾನಿಷ್‌ನಲ್ಲಿ ‘ತಿಲ್ದೆ’ ಅನ್ನುತ್ತಾರೆ. ಪ್ರಿಪೊಸಿಷನ್ ನಂತರ ಬರುವ ‘ಮಿ’ಗೆ ಗೀಟು ಬೇಕು. ಗೀಟಿಲ್ಲದ ‘ಮಿ’ ಅಂದರೆ ‘ನನ್ನ ಮನೆ’, ‘ನನ್ನ ಪುಸ್ತಕ’ದಲ್ಲಿರುವ ‘ನನ್ನ’. ಉಚ್ಚಾರ ಎರಡಕ್ಕೂ ಒಂದೇ. ಇಲ್ಲಿ ಕನ್ನಡಿಗರು ಸ್ವಲ್ಪ ಹುಷಾರಾಗಿರಬೇಕು. ನಮಗೆ ‘ನನ್ನ ಪುಸ್ತಕ’ದಲ್ಲೂ ‘ನನ್ನ ಮೇಲೆ’ಯಲ್ಲೂ ಒಂದೇ ‘ನನ್ನ’, ಹಾಗಾಗಿ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಮುಂದೆ ನಾಮಪದ ಇದ್ದರೆ ಗೀಟು ಬೇಡ: ‘ಪಾರಾ ಮಿ ಮಾದ್ರೆ’ (ನನ್ನ ಅಮ್ಮನಿಗಾಗಿ). ‘ಮಿ’ಗೇ ಮಾತು ನಿಂತರೆ ಗೀಟು ಬೇಕು: ‘ಪಾರಾ ಮಿ’.

‘ತಿ’ಗೆ ಗೀಟು ಯಾವತ್ತೂ ಇಲ್ಲ. ಗೊಂದಲ ಹುಟ್ಟಿಸುವ ಇನ್ನೊಂದು ‘ತಿ’ ಇಲ್ಲದ ಮೇಲೆ ಗೀಟು ಯಾಕೆ? ‘ಮಿ’ಗೆ ಇದೆಯಲ್ಲ ಅಂತ ‘ತಿ’ಗೂ ಹಾಕುವುದು ಸ್ಪ್ಯಾನಿಷ್ ಮಾತೃಭಾಷೆಯವರೂ ಮಾಡುವ ತಪ್ಪು. ನೀವು ಮಾಡಬೇಡಿ.

‘ಎಲ್’ ಅಂದರೆ ಅವನು ಅನ್ನುವಾಗ ಗೀಟು ಬೇಕು. ಗೀಟಿಲ್ಲದ ‘ಎಲ್’ ಸುಮ್ನೆ ನಾಮಪದದ ಮುಂದೆ ಬರುವ ಆರ್ಟಿಕಲ್. ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ‘ದೆ’ ಮತ್ತು ಆರ್ಟಿಕಲ್ ‘ಎಲ್’ ಸೇರಿ ‘ದೆಲ್’ ಆಗುತ್ತವೆ, ‘ಆ’ ಸೇರಿದರೆ ‘ಆಲ್’. ಆದರೆ ‘ಅವನು’ ಅನ್ನುವ ‘ಎಲ್’ ಯಾವುದಕ್ಕೂ ಬೆಸೆಯುವುದಿಲ್ಲ. ‘ಎಲ್ ಲಿಬ್ರೊ ದೆ ಎಲ್’ (ಅವನ ಪುಸ್ತಕ) ಅನ್ನುವಲ್ಲಿ ಕೊನೆಯ ಎರಡು ಪದ ಬಿಡಿಬಿಡಿಯಾಗಿಯೇ ಇರಬೇಕು.

ಹಾಗಂತ ‘ನನ್ನ ಪುಸ್ತಕ’ಕ್ಕೆ ‘ಎಲ್ ಲಿಬ್ರೊ ದೆ ಮಿ’ ಅನ್ನಬೇಡಿ. ಅದಕ್ಕೆ ‘ಮಿ ಲಿಬ್ರೊ’ ಇದೆ.

ಹಂತ 4: ಕನ್ನಡ ಕೈ ಕೊಡುವ ಜಾಗಗಳು

ಇಲ್ಲಿಯವರೆಗೆ ಒಂದು ಸುಲಭ ಪರೀಕ್ಷೆ ಸಾಕಾಗುತ್ತಿತ್ತು. ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ನಾನು’ ಅಂದರೆ ‘ಯೋ’. ‘ನನ್ನ’, ‘ನನಗೆ’, ‘ನನ್ನಿಂದ’ ಅಂದರೆ ‘ಮಿ’. ಈ ಕೆಳಗಿನ ಕಡೆಗಳಲ್ಲಿ ಮಾತ್ರ ಅದನ್ನು ನಂಬಬೇಡಿ. ಕನ್ನಡದಲ್ಲಿ ‘ನನ್ನ’ ಬಂದರೂ ಸ್ಪ್ಯಾನಿಷ್‌ನಲ್ಲಿ ‘ಯೋ’ ಬರುತ್ತದೆ.

ನಿನ್ನ ನನ್ನ ಮಧ್ಯೆ: ‘ಎಂತ್ರೆ ತು ಇ ಯೋ’. ಇಬ್ಬರನ್ನು ‘ಇ’ (ಮತ್ತು) ಹಾಕಿ ಸೇರಿಸಿದಾಗ ‘ಎಂತ್ರೆ’ ನಂತರ ಕರ್ತೃ ರೂಪವೇ ಬರಬೇಕು.

ನನ್ನ ಪ್ರಕಾರ: ‘ಸೆಗೂನ್ ಯೋ’. ‘ಸೆಗೂನ್ ಮಿ’ ತಪ್ಪು. ‘ನಾನು ಹೇಳುವ ಪ್ರಕಾರ’ ಅಂತ ಬಿಡಿಸಿಕೊಂಡರೆ ನೆನಪಿಡುವುದು ಸುಲಭ.

ನನ್ನನ್ನು ಬಿಟ್ಟು: ‘ಮೆನೊಸ್ ಯೋ’, ‘ಎಕ್ಸೆಪ್ತೊ ಯೋ’, ‘ಸಾಲ್ಬೊ ಯೋ’. ಮೂರಕ್ಕೂ ಅರ್ಥ ಒಂದೇ. ‘ತೊದೊಸ್ ಫ್ವೆರೊನ್ ಮೆನೊಸ್ ಯೋ’ ಅಂದರೆ ನನ್ನನ್ನು ಬಿಟ್ಟು ಎಲ್ಲರೂ ಹೋದರು. ಇದರಲ್ಲಿ ಒಂದು ಒಳಗುಟ್ಟಿದೆ. ‘ಎಲ್ಲರಿಗೂ ಇಷ್ಟವಾಯಿತು, ನನಗೆ ಮಾತ್ರ ಇಲ್ಲ’ ಅನ್ನಬೇಕಾದರೆ ‘ಆ ತೊದೊಸ್ ಲೆಸ್ ಗುಸ್ತೊ ಮೆನೊಸ್ ಆ ಮಿ’. ಮೊದಲು ‘ಆ ತೊದೊಸ್’ (ಎಲ್ಲರಿಗೂ) ಅಂತ ಬಂದಿದೆ, ಆದ್ದರಿಂದ ನನಗೂ ‘ಆ ಮಿ’ ಬೇಕು. ಎಲ್ಲರು-ನಾನು, ಎಲ್ಲರಿಗೆ-ನನಗೆ ಅಂತ ಜೋಡಿ ಹೊಂದಿಸಿಕೊಳ್ಳಿ.

ನನಗಿಂತ: ‘ಎಯಾ ಎಸ್ ಮಾಸ್ ಆಲ್ತಾ ಕೆ ಯೋ’ (ಅವಳು ನನಗಿಂತ ಎತ್ತರ). ಕನ್ನಡಿಗರು ‘ಕೆ ಮಿ’ ಅಂದುಬಿಡುವುದು ಇಲ್ಲೇ ಜಾಸ್ತಿ.

ನನ್ನ ಹಾಗೆ: ‘ಕೊಮೊ ಯೋ’. ನಿಜ ಹೇಳಬೇಕೆಂದರೆ ಈ ‘ಕೆ’, ‘ಕೊಮೊ’ ಪ್ರಿಪೊಸಿಷನ್‌ಗಳೇ ಅಲ್ಲ. ಅವುಗಳ ಹಿಂದೆ ಒಂದು ಪೂರ್ತಿ ವಾಕ್ಯ ಅಡಗಿದೆ: ‘ನಾನು ಇರುವುದಕ್ಕಿಂತ’, ‘ನಾನು ಮಾಡುವ ಹಾಗೆ’.

‘ಆಸ್ತಾ’ ಪದಕ್ಕೆ ಎರಡು ಮುಖ. ‘ತನಕ, ವರೆಗೆ’ ಅನ್ನುವ ಅರ್ಥದಲ್ಲಿ ಅದು ಪ್ರಿಪೊಸಿಷನ್, ಆಗ ‘ಮಿ’: ‘ಬಿನೊ ಆಸ್ತಾ ಮಿ’ (ನನ್ನವರೆಗೆ ಬಂದ). ‘ಸಹ, ಕೂಡ’ ಅನ್ನುವ ಅರ್ಥದಲ್ಲಿ ‘ಯೋ’: ‘ಆಸ್ತಾ ಯೋ ಫುಯಿ’ (ನಾನು ಕೂಡ ಹೋದೆ). ‘ಇಂಕ್ಲುಸೊ’ ಪದವೂ ಈ ಎರಡನೇ ಅರ್ಥದ್ದೇ.

ಇನ್ನೊಂದು ಮಾತು. ‘ಎಂತ್ರೆ ತು ಇ ಯೋ’ ಕಲಿತವರು ‘ಪಾರಾ ತು ಇ ಯೋ’ ಅಂತಲೂ ಶುರು ಮಾಡುತ್ತಾರೆ. ಅದು ನಡೆಯುವುದಿಲ್ಲ. ಬೇರೆ ಪ್ರಿಪೊಸಿಷನ್‌ಗಳಾದರೆ ಪ್ರತಿ ಸರ್ವನಾಮದ ಮುಂದೆಯೂ ಅದನ್ನು ಮತ್ತೆ ಹಾಕಿ: ‘ಪಾರಾ ತಿ ಇ ಪಾರಾ ಮಿ’, ‘ಕೊಂತಿಗೊ ಇ ಕೊನ್ ಎಯಾ’.

ಹಂತ 5: ‘ಆ ಮಿ ಮೆ ಗುಸ್ತಾ’, ಕನ್ನಡಿಗರಿಗೆ ಸಲೀಸು

ಇಂಗ್ಲಿಷ್ ಮಾತಾಡುವವರು ತಲೆ ಕೆಡಿಸಿಕೊಳ್ಳುವ ಭಾಗ ಇದು. ನಮಗೆ ಅಷ್ಟೇನೂ ಕಷ್ಟವಿಲ್ಲ. ನಾವು ‘ನಾನು ಸಂಗೀತ ಇಷ್ಟ’ ಅನ್ನುವುದಿಲ್ಲ, ‘ನನಗೆ ಸಂಗೀತ ಇಷ್ಟ’ ಅನ್ನುತ್ತೇವೆ. ಸ್ಪ್ಯಾನಿಷ್‌ನಲ್ಲೂ ಅಷ್ಟೇ: ‘ಮೆ ಗುಸ್ತಾ ಲಾ ಮೂಸಿಕಾ’. ಇದಿಷ್ಟೇ ಸಾಕು, ವಾಕ್ಯ ಪೂರ್ಣ.

ಹಾಗಾದರೆ ‘ಆ ಮಿ’ ಯಾವಾಗ? ಒತ್ತಿ ಹೇಳಬೇಕಾದಾಗ. ‘ಆ ಮಿ ಮೆ ಗುಸ್ತಾ’ ಅಂದರೆ ‘ನನಗಂತೂ ಇಷ್ಟ’. ಗಮನಿಸಿ, ‘ಆ ಮಿ’ ಸೇರಿದರೂ ‘ಮೆ’ ಹೋಗುವುದಿಲ್ಲ. ‘ಆ ಮಿ ಗುಸ್ತಾ’ ಅಂದರೆ ತಪ್ಪು. ಒಂದೇ ವಿಷಯ ಎರಡು ಸಲ ಹೇಳಿದ ಹಾಗೆ ನಮಗೆ ಕಾಣುತ್ತದೆ, ನಿಜ. ಆದರೆ ಕಡ್ಡಾಯವಾಗಿ ಇರಬೇಕಾದದ್ದು ‘ಮೆ’, ಬೇಕಾದರೆ ಮಾತ್ರ ಹಾಕುವುದು ‘ಆ ಮಿ’.

ಉತ್ತರ ಕೊಡುವಾಗ ನೋಡಿ. ಯಾರೋ ‘ಮೆ ಗುಸ್ತಾ ಲಾ ಮೂಸಿಕಾ, ಇ ಆ ತಿ?’ (ನನಗೆ ಸಂಗೀತ ಇಷ್ಟ, ನಿನಗೆ?) ಅಂತ ಕೇಳಿದರು. ಕನ್ನಡದಲ್ಲಿ ‘ನಾನೂ’ ಅಂತ ಉತ್ತರಿಸುತ್ತೀರಾ? ಇಲ್ಲ, ‘ನನಗೂ’ ಅನ್ನುತ್ತೀರಿ. ಅದೇ ‘ಆ ಮಿ ತಂಬ್ಯೆನ್’. ‘ನನಗೆ ಇಲ್ಲ’ ಅಂದರೆ ‘ಆ ಮಿ ನೊ’. ಅವರು ಇಷ್ಟವಿಲ್ಲ ಅಂದು, ನಿಮಗೂ ಇಲ್ಲವಾದರೆ ‘ಆ ಮಿ ತಂಪೊಕೊ’. ಇಲ್ಲಿ ‘ಯೋ ತಂಬ್ಯೆನ್’ ಅಂದುಬಿಟ್ಟರೆ ‘ನಾನೂ’ ಅಂದ ಹಾಗೆ ಕಿವಿಗೆ ಹೊಡೆಯುತ್ತದೆ.

‘ಲೆ’ ಬಂದಾಗ ಮಾತ್ರ ‘ಆ’ ಜೊತೆಗಿನ ಸರ್ವನಾಮ ಬರೀ ಒತ್ತಿಗಲ್ಲ, ಅರ್ಥಕ್ಕೇ ಬೇಕಾಗುತ್ತದೆ. ‘ಲೆ’ ಅಂದರೆ ಅವನಿಗೆ, ಅವಳಿಗೆ, ನಿಮಗೆ, ಮೂರೂ ಆಗಬಹುದು. ‘ಲೆ ದಿ ಎಲ್ ಲಿಬ್ರೊ’ ಅಂದರೆ ಪುಸ್ತಕ ಕೊಟ್ಟೆ, ಸರಿ, ಯಾರಿಗೆ? ‘ಲೆ ದಿ ಎಲ್ ಲಿಬ್ರೊ ಆ ಎಯಾ’ ಅಂದಾಗ ಅವಳಿಗೆ ಅಂತ ಖಚಿತವಾಗುತ್ತದೆ. ‘ಸೆ ಲೊ ದಿ’ (ಅದನ್ನು ಕೊಟ್ಟೆ) ಥರದ ವಾಕ್ಯಗಳಲ್ಲೂ ‘ಆ ಎಲ್’, ‘ಆ ಉಸ್ತೆದ್’ ಅಂತ ಸೇರಿಸಿ ಸ್ಪಷ್ಟಪಡಿಸುತ್ತಾರೆ.

ಎಚ್ಚರಿಕೆ: ‘ಅವನನ್ನು ನೋಡಿದೆ’ ಅನ್ನಲು ‘ಬಿ ಆ ಎಲ್’ ಅನ್ನಬೇಡಿ. ಹೆಸರಿದ್ದರೆ ‘ಬಿ ಆ ಪೆದ್ರೊ’ ಸರಿ. ಸರ್ವನಾಮ ಇದ್ದರೆ ಕ್ರಿಯಾಪದದ ಮುಂದೆ ‘ಲೊ’ ಬೇಕೇ ಬೇಕು: ‘ಲೊ ಬಿ ಆ ಎಲ್’, ಅವಳಾದರೆ ‘ಲಾ ಬಿ ಆ ಎಯಾ’. ಒತ್ತು ಬೇಡವಾದರೆ ‘ಲೊ ಬಿ’, ‘ಲಾ ಬಿ’ ಅಷ್ಟೇ ಸಾಕು.

ಹಂತ 6: ‘ತನ್ನ’ ಅನ್ನುವಲ್ಲಿ ‘ಸಿ’

‘ಅವನ ಬಗ್ಗೆ ಮಾತಾಡುತ್ತಾನೆ’, ‘ತನ್ನ ಬಗ್ಗೆ ಮಾತಾಡುತ್ತಾನೆ’. ವ್ಯತ್ಯಾಸ ನಿಮಗೆ ವಿವರಿಸಬೇಕಿಲ್ಲ. ಮೊದಲನೆಯದು ‘ಆಬ್ಲಾ ದೆ ಎಲ್’, ಎರಡನೆಯದು ‘ಆಬ್ಲಾ ದೆ ಸಿ ಮಿಸ್ಮೊ’. ನಮ್ಮ ‘ತಾನು, ತನ್ನ’ ಮಾಡುವ ಕೆಲಸವನ್ನೇ ಈ ‘ಸಿ’ ಮಾಡುತ್ತದೆ. ಹೆಚ್ಚಾಗಿ ಅದರ ಬೆನ್ನಿಗೆ ‘ಮಿಸ್ಮೊ’ (ಸ್ವತಃ) ಇರುತ್ತದೆ, ಹೆಂಗಸಾದರೆ ‘ಮಿಸ್ಮಾ’. ಈ ‘ಸಿ’ಗೂ ಗೀಟು ಬೇಕು, ಯಾಕೆಂದರೆ ಗೀಟಿಲ್ಲದ ‘ಸಿ’ ಅಂದರೆ ‘ಒಂದು ವೇಳೆ’.

‘ಕೊನ್’ ಜೊತೆ ಸೇರಿದರೆ ‘ಕೊನ್ಸಿಗೊ’. ಅರ್ಥ ‘ತನ್ನ ಜೊತೆ’, ‘ಅವನ ಜೊತೆ’ ಅಲ್ಲ. ‘ಅವನ ಜೊತೆ ಹೋಗುತ್ತೇನೆ’ ಅನ್ನಲು ‘ಬೋಯ್ ಕೊನ್ ಎಲ್’ ಅನ್ನಿ. ‘ಕೊನ್ಸಿಗೊ’ ಅನ್ನುವ ಇನ್ನೊಂದು ಪದ ‘ಗಿಟ್ಟಿಸುತ್ತೇನೆ, ಪಡೆಯುತ್ತೇನೆ’ ಅನ್ನುವ ಕ್ರಿಯಾಪದ ಕೂಡ. ಓದುವಾಗ ಅಕ್ಕಪಕ್ಕ ನೋಡಿಕೊಳ್ಳಿ.

ಪ್ರಜ್ಞೆ ಮರಳುವುದಕ್ಕೆ ‘ಬೊಲ್ಬೆರ್ ಎನ್ ಸಿ’ ಅನ್ನುತ್ತಾರೆ. ಇದನ್ನು ಗಿಳಿಪಾಠ ಮಾಡಿದವರು ‘ನನಗೆ ಪ್ರಜ್ಞೆ ಬಂತು’ ಅನ್ನಲೂ ‘ಬೊಲ್ಬಿ ಎನ್ ಸಿ’ ಅನ್ನುತ್ತಾರೆ. ಮಾತಾಡುತ್ತಿರುವುದು ನಾನಾದರೆ ‘ಬೊಲ್ಬಿ ಎನ್ ಮಿ’ ಆಗಬೇಕು.

ಹಂತ 7: ಉಳಿದ ಚೂರುಪಾರು

ವಸ್ತುಗಳಿಗೂ ‘ಎಲ್’, ‘ಎಯಾ’. ಮೇಜು (‘ಮೆಸಾ’) ಸ್ತ್ರೀಲಿಂಗ. ಆದ್ದರಿಂದ ‘ಅದರ ಮೇಲೆ’ ಅನ್ನಲು ‘ಸೊಬ್ರೆ ಎಯಾ’. ಒಂದು ವಿಚಾರ ಅಥವಾ ಇಡೀ ಸಂಗತಿಯನ್ನು ಸೂಚಿಸುವುದಾದರೆ ‘ಎಯೊ’: ‘ಪೋರ್ ಎಯೊ’ ಅಂದರೆ ಆದ್ದರಿಂದ. ಮಾತಿನಲ್ಲಿ ‘ಪೋರ್ ಎಸೊ’ ಜಾಸ್ತಿ ಕೇಳಿಸುತ್ತದೆ.

‘ಪಾರಾ ಮಿ’, ‘ಪೋರ್ ಮಿ’ ಒಂದೇ ಅಲ್ಲ. ವಾಕ್ಯದ ಶುರುವಲ್ಲಿ ‘ಪಾರಾ ಮಿ’ ಅಂದರೆ ‘ನನಗನ್ನಿಸುವ ಪ್ರಕಾರ’. ‘ಪೋರ್ ಮಿ’ ಅಂದರೆ ‘ನನ್ನ ಕಡೆಯಿಂದ ಅಡ್ಡಿಯಿಲ್ಲ’ ಅನ್ನುವ ಧಾಟಿ.

‘ಹಿಂದೆ’, ‘ಮುಂದೆ’, ‘ಹತ್ತಿರ’ ಅನ್ನುವವಕ್ಕೆ ‘ದೆ’ ಸೇರಿಸಬೇಕು: ‘ದೆತ್ರಾಸ್ ದೆ ಮಿ’, ‘ದೆಲಾಂತೆ ದೆ ತಿ’, ‘ಸೆರ್ಕಾ ದೆ ಎಯಾ’. ಮಾತಿನಲ್ಲಿ ‘ದೆತ್ರಾಸ್ ಮೀಯೊ’ ಅಂತಲೂ ಕೇಳುತ್ತೀರಿ, ಅರ್ಜೆಂಟೀನಾ ಕಡೆ ವಿಶೇಷವಾಗಿ. ಕೇಳಿ ಅರ್ಥ ಮಾಡಿಕೊಳ್ಳಿ, ಆದರೆ ಪರೀಕ್ಷೆಯಲ್ಲಿ, ಪತ್ರದಲ್ಲಿ ಬರೆಯಬೇಡಿ. 1713ರಿಂದ ಇರುವ ಸ್ಪ್ಯಾನಿಷ್ ಭಾಷಾ ಅಕಾಡೆಮಿ, ರೆಯಾಲ್ ಅಕಾದೆಮಿಯಾ ಎಸ್ಪಾನ್ಯೋಲಾ, ಶಿಷ್ಟ ಬರಹಕ್ಕೆ ‘ದೆತ್ರಾಸ್ ದೆ ಮಿ’ ರೂಪವನ್ನೇ ಹೇಳುತ್ತದೆ.

ಅರ್ಜೆಂಟೀನಾ, ಉರುಗ್ವೆ, ಮಧ್ಯ ಅಮೆರಿಕದ ಹಲವು ಭಾಗಗಳಲ್ಲಿ ‘ನೀನು’ ಅನ್ನಲು ‘ತು’ ಬದಲು ‘ಬೋಸ್’ ಇದೆ. ಅಲ್ಲಿ ‘ತಿ’ಯೂ ಇಲ್ಲ, ‘ಕೊಂತಿಗೊ’ವೂ ಇಲ್ಲ. ‘ಪಾರಾ ಬೋಸ್’, ‘ಕೊನ್ ಬೋಸ್’. ಆದರೆ ಕ್ರಿಯಾಪದಕ್ಕೆ ಅಂಟುವುದು ಮಾತ್ರ ‘ತೆ’ಯೇ: ‘ಆ ಬೋಸ್ ತೆ ಗುಸ್ತಾ’.

ಹಂತ 8: ಕೈಯಾರೆ ಮಾಡಿ ನೋಡಿ

ಕೆಳಗಿನ ವಾಕ್ಯಗಳಲ್ಲಿರುವ ‘ನನ್ನ ಜೊತೆ’, ‘ನಿನ್ನ ನನ್ನ ಮಧ್ಯೆ’, ‘ನನಗಿಂತ’, ‘ತನ್ನ ಬಗ್ಗೆ’ ಅನ್ನುವವಕ್ಕೆ ಸ್ಪ್ಯಾನಿಷ್ ಏನು ಅಂತ ಮೊದಲು ನೀವೇ ಬರೆಯಿರಿ. ಆಮೇಲೆ ಉತ್ತರ ನೋಡಿ.

1. ನೀನು ನನ್ನ ಜೊತೆ ಬರುತ್ತೀಯಾ?
2. ಈ ಮಾತು ನಿನ್ನ ನನ್ನ ಮಧ್ಯೆ ಇರಲಿ.
3. ಅವನು ನನಗಿಂತ ಜಾಸ್ತಿ ಓದುತ್ತಾನೆ.
4. ನನಗಿಂತ ಅವಳಿಗೆ ಸಂಗೀತ ಜಾಸ್ತಿ ಇಷ್ಟ.
5. ಅವಳು ಬರೀ ತನ್ನ ಬಗ್ಗೆಯೇ ಯೋಚಿಸುತ್ತಾಳೆ.

ಉತ್ತರಗಳು: ಒಂದನೆಯದು ‘ಕೊನ್ಮಿಗೊ’. ಎರಡನೆಯದು ‘ಎಂತ್ರೆ ತು ಇ ಯೋ’. ಮೂರನೆಯದು ‘ಕೆ ಯೋ’. ಐದನೆಯದು ‘ಎನ್ ಸಿ ಮಿಸ್ಮಾ’, ಯಾಕೆಂದರೆ ಯೋಚಿಸುವುದಕ್ಕೆ ‘ಪೆನ್ಸಾರ್ ಎನ್’. ನಾಲ್ಕನೆಯದಕ್ಕೆ ಮೂರನೆಯದರ ಹಾಗೆ ‘ಕೆ ಯೋ’ ಅಂತ ಬರೆದಿದ್ದರೆ ಅದನ್ನು ಹೊಡೆದು ಹಾಕಿ. ಅಲ್ಲಿ ಹೋಲಿಕೆ ‘ಅವಳಿಗೆ’ ಮತ್ತು ‘ನನಗೆ’ ನಡುವೆ: ‘ಆ ಎಯಾ ಲೆ ಗುಸ್ತಾ ಲಾ ಮೂಸಿಕಾ ಮಾಸ್ ಕೆ ಆ ಮಿ’. ಕನ್ನಡದ ‘ನನಗಿಂತ’ ಎರಡಕ್ಕೂ ಒಂದೇ ಆದ್ದರಿಂದ, ಹೋಲಿಸುತ್ತಿರುವ ಇನ್ನೊಬ್ಬರಿಗೆ ಯಾವ ವಿಭಕ್ತಿ ಬಂದಿದೆ ನೋಡಿ. ‘ಅವನು’ ಇದ್ದರೆ ‘ಯೋ’, ‘ಅವಳಿಗೆ’ ಇದ್ದರೆ ‘ಆ ಮಿ’.